ಕರೆಂಟ್ ರೂಮಲ್ಲಿ ಕೊನೇ ನಂಬರ್: ಕೊಡಗಿನ ಲೈನ್‌ಮನೆಯ ಒಂದು ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಬರೋ ಜಯಮ್ಮ ಅನ್ನೋದು ನಿಜವಾದ ಹೆಸರಲ್ಲ, ತೋಟದ ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಾಯಿಸಿದೀನಿ, ಬರೀಬಹುದಾ ಅಂತ ಅವರನ್ನೇ ಕೇಳಿದೀನಿ. "ಬರೀರಿ ಮೇಡಂ, ಆದ್ರೆ ನಾನು ಅಳ್ತಿದ್ದೆ ಅಂತ ಮಾತ್ರ ಬರೀಬೇಡಿ" ಅಂದ್ರು. ಸರಿ, ಬರೆಯಲ್ಲ.

ನಾನು ಎಚ್‌ಐವಿ ಕೌನ್ಸೆಲಿಂಗ್ ಕೆಲಸ ಮಾಡೋಳು, ದಕ್ಷಿಣ ಕೊಡಗಿನ ತೋಟಗಳ ಕಡೆ ಓಡಾಟ. ಈ ಕೇಸ್ ಬರೆಯೋಕೆ ಕಾರಣ ಏನಂದ್ರೆ, ಕಳಂಕ ಅಂದ ತಕ್ಷಣ ನಮ್ಮ ಟ್ರೈನಿಂಗ್‌ಗಳಲ್ಲಿ ಊರಿಂದ ಹೊರಗೆ ಹಾಕಿದ ಕಥೆ, ಹೆಣ ಎತ್ತೋಕೆ ಯಾರೂ ಬರದ ಕಥೆ, ಇಂಥವೇ ಹೇಳ್ತಾರೆ. ಜಯಮ್ಮನ್ನ ಯಾರೂ ಹೊರಗೆ ಹಾಕಿಲ್ಲ, ಯಾರೂ ಬೈದಿಲ್ಲ, ಎಲ್ಲಾ ಕಡೆ ಸಣ್ಣ ಸಣ್ಣದಾಗೇ ನಡೀತು. ಆದ್ರೂ ಎಚ್‌ಐವಿ ಇರೋ ಅವರಿಗೆ ಬಂದ ಗರ್ಭಕೋಶದ ಬಾಯಿ ಕ್ಯಾನ್ಸರ್‌ನ ಟ್ರೀಟ್‌ಮೆಂಟ್ ಎಲ್ಲೆಲ್ಲಿ ಹಾಳಾಯ್ತೋ ಅಲ್ಲೆಲ್ಲಾ ಹಿಂದೆ ಅದೇ ಇತ್ತು.

ಹಿನ್ನೆಲೆ

ಜಯಮ್ಮಂಗೆ ಆಗ 42. ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಮದ್ವೆ ಆದ ವರ್ಷವೇ ಗಂಡನ ಜೊತೆ ಗೋಣಿಕೊಪ್ಪ ಪೊನ್ನಂಪೇಟೆ ಕಡೆಯ ಒಂದು ಕಾಫಿ ತೋಟಕ್ಕೆ ಬಂದು ಲೈನ್‌ಮನೆ ಸೇರ್ಕೊಂಡ್ರು. ಲೈನ್‌ಮನೆ ನೋಡದೇ ಇರೋರಿಗೆ ಹೇಳ್ಬೇಕಂದ್ರೆ, ಉದ್ದಕ್ಕೆ ಒಂದೇ ಕಟ್ಟಡ, ಅದ್ರಲ್ಲಿ ಎಂಟು ಮನೆ, ಮನೆಗೂ ಮನೆಗೂ ಮಧ್ಯೆ ಒಂದೇ ಗೋಡೆ, ಆ ಗೋಡೆ ಹಂಚಿನ ತನಕ ಹೋಗೋದೂ ಇಲ್ಲ, ಈ ಮನೇಲಿ ಒಗ್ಗರಣೆ ಹಾಕಿದ್ರೆ ಆ ಮನೇಲಿ ಸೀನ್ತಾರೆ. ಬಚ್ಚಲು ನಾಲ್ಕು ಮನೆಗೆ ಒಂದು. ಈ ಕೇಸಲ್ಲಿ ಬಯಾಪ್ಸಿ ರಿಪೋರ್ಟ್ ಎಷ್ಟು ಮುಖ್ಯವೋ ಆ ಅರ್ಧ ಗೋಡೆನೂ ಅಷ್ಟೇ ಮುಖ್ಯ.

ಗಂಡ ಮರದ ಲೋಡ್ ಲಾರಿ ಓಡಿಸ್ತಿದ್ರು, 2013ರಲ್ಲಿ ತೀರ್ಕೊಂಡ್ರು. ಲೈನ್‌ನಲ್ಲಿ ಎಲ್ರಿಗೂ ಗೊತ್ತಿರೋದು ಟಿಬಿ ಅಂತ. 2014ರಲ್ಲಿ ಇವರ ಎಚ್‌ಐವಿ ಟೆಸ್ಟ್ ಪಾಸಿಟಿವ್ ಬಂತು. ಆಗ ಸಿಡಿ4, ಅಂದ್ರೆ ರೋಗನಿರೋಧಕ ಶಕ್ತಿ ಕೊಡೋ ಬಿಳಿ ರಕ್ತಕಣದ ಲೆಕ್ಕ, ಒಂದು ಮಟ್ಟಕ್ಕಿಂತ ಇಳಿದ್ರೆ ಮಾತ್ರ ಮಾತ್ರೆ ಶುರು ಮಾಡ್ತಿದ್ದ ಕಾಲ, 2017ರಲ್ಲಿ ಆ ನಿಯಮ ಹೋಗಿ ಪಾಸಿಟಿವ್ ಬಂದ ಎಲ್ರಿಗೂ ತಕ್ಷಣ ಮಾತ್ರೆ ಅಂತ ಆಯ್ತಲ್ಲ, ಆವಾಗ ಇವರದ್ದೂ ಶುರುವಾಯ್ತು. 2018ರಿಂದ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಮಷಿನ್‌ಗೆ ಸಿಗದಷ್ಟು ಕಮ್ಮಿ. ಅಂದ್ರೆ ಇವರಿಂದ ಲೈಂಗಿಕ ಸಂಪರ್ಕದಲ್ಲೂ ಯಾರಿಗೂ ಹರಡಲ್ಲ. ತಟ್ಟೆ ಲೋಟ ಟವೆಲ್‌ನಿಂದ ಹರಡೋದಂತೂ ಯಾವ ಕಾಲಕ್ಕೂ ಇರ್ಲಿಲ್ಲ.

ಇದು ಜಯಮ್ಮಂಗೂ ಬಾಯಿಪಾಠ ಇತ್ತು, ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಆದ್ರೂ ಮನೇಲಿ ತನ್ನ ತಟ್ಟೆ ಬೇರೆ, ಲೋಟ ಬೇರೆ, ಲೋಟದ ಅಡಿಗೆ ಮೊಳೇಲಿ ಗೀಚಿ ಒಂದು ಗುರುತು. ಮಗ ಕೇಳಿದ್ರೆ ವ್ರತ ಅಂದಿದ್ರಂತೆ, ಹತ್ತು ವರ್ಷದ ವ್ರತ! ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ಹಾಕೋದು ಎಲ್ರೂ ಮಾಡ್ತಾರೆ, ಇವರು ಅದರೊಳಗೆ ದೀಪದ ಬತ್ತಿಯ ಹತ್ತಿ ತುರುಕ್ತಿದ್ರು. ಯಾಕೆ ಅಂದೆ. "ಬಸ್ಸಲ್ಲಿ ಬ್ಯಾಗ್ ಅಲ್ಲಾಡಿದ್ರೆ ಗಲಗಲ ಅನ್ನುತ್ತೆ, ಪಕ್ಕದೋರು ಏನದು ಅಂತ ಕೇಳ್ತಾರೆ." ಆ ಹತ್ತಿ ನೋಡಿದ ದಿನ ನಂಗೆ ಅನ್ಸಿದ್ದು, ನಾವು ಕೊಡೋ ಮಾಹಿತಿ ಎಲ್ಲಾ ತಲೇಲಿ ಕೂತಿರುತ್ತೆ, ಭಯ ಇರೋದು ಕೈಯಲ್ಲಿ.

ಎಂಟು ತಿಂಗಳು

2023ರ ಯುಗಾದಿ ಹೊತ್ತಿಗೆ ಬಿಳಿ ಹೋಗೋದು ಶುರುವಾಯ್ತು, ಆಮೇಲೆ ವಾಸನೆ, ಮಳೆಗಾಲ ಬರೋವಷ್ಟ್ರಲ್ಲಿ ಮುಟ್ಟಿನ ದಿನ ಅಲ್ಲದಿದ್ರೂ ರಕ್ತ. ಹಗಲು ಬಚ್ಚಲಲ್ಲಿ ಬಟ್ಟೆ ಒಗೆದ್ರೆ ನೋಡ್ತಾರೆ ಅಂತ ಕತ್ತಲಾದ ಮೇಲೆ ತೋಡಿಗೆ ಹೋಗಿ ಒಗೆದು, ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ಕೊಳ್ತಿದ್ರು. ಜೂನ್ ಜುಲೈಲಿ ಕೊಡಗಲ್ಲಿ ಬಟ್ಟೆ ಹೇಗೆ ಒಣಗುತ್ತೆ ಅಂತ ಇಲ್ಲಿಯವರಿಗೆ ಗೊತ್ತಲ್ಲ, ಹೊಗೆ ವಾಸನೆ ಹಿಡಿದ ಅರೆಹಸಿ ಬಟ್ಟೇನೇ ಹಾಕ್ಕೊಂಡು ತೋಟಕ್ಕೆ ಹೋಗೋದು.

ಯಾರಿಗೂ ಹೇಳ್ಲಿಲ್ಲ. ಹೇಳದೇ ಇದ್ದಿದ್ದಕ್ಕೆ ಅವರ ಲೆಕ್ಕಾಚಾರ ಹೀಗಿತ್ತು: ಇದು ಆ ಕಾಯಿಲೇನೇ ಜಾಸ್ತಿ ಆಗಿರೋದು, ಮಾತ್ರೆ ಫೇಲ್ ಆಗಿದೆ, ಹೇಳಿದ್ರೆ ಸರಿಯಾಗಿ ತಗೊಂಡಿಲ್ಲ ಅಂತ ಬೈತಾರೆ, ಹತ್ತಿರದ ಆಸ್ಪತ್ರೆಗೆ ಹೋದ್ರೆ ಗಂಡ ಸತ್ತು ಹತ್ತು ವರ್ಷ ಆದೋಳಿಗೆ ಆ ಜಾಗದಲ್ಲಿ ಏನು ತೊಂದ್ರೆ ಅಂತ ಕೇಳ್ತಾರೆ. ಈ ಕೊನೇದು ಬರೀ ಅವರ ಕಲ್ಪನೆ ಅಲ್ಲ, ಆಮೇಲೆ ಒಬ್ರು ನರ್ಸ್ ನನ್ನೆದುರೇ ಹೆಚ್ಚೂಕಮ್ಮಿ ಹಾಗೇ ಕೇಳಿದ್ರು.

ಈ ಎಂಟು ತಿಂಗಳಲ್ಲಿ ಜಯಮ್ಮ ಮಾತ್ರೆ ತಗೊಳ್ಳೋಕೆ ನಮ್ಮ ಹತ್ರ ಬರೋದು ಒಂದು ಸಲಾನೂ ತಪ್ಪಿಸಿಲ್ಲ, ಬಂದಾಗೆಲ್ಲಾ ನಾವು ಕೇಳಿದ್ದು ಕೆಮ್ಮು ಇದ್ಯಾ, ಜ್ವರ ಇದ್ಯಾ, ತೂಕ ಇಳಿದಿದ್ಯಾ, ರಾತ್ರಿ ಬೆವರುತ್ತಾ. ಟಿಬಿ ಹುಡುಕೋಕೆ ಇರೋ ನಾಲ್ಕು ಪ್ರಶ್ನೆ, ಅವು ಬೇಕೇ ಬೇಕು. ಐದನೇದು, ಕೆಳಗಡೆ ಏನಾದ್ರೂ ತೊಂದ್ರೆ ಇದ್ಯಾ ಅಂತ, ನಾನು ಕೇಳ್ಲಿಲ್ಲ. ಎಚ್‌ಐವಿ ಇರೋ ಹೆಂಗಸರಿಗೆ ಗರ್ಭಕೋಶದ ಬಾಯಿ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಸುಮಾರು 6 ಪಟ್ಟು ಜಾಸ್ತಿ ಅಂತ ನಂಗೆ ಗೊತ್ತಿದ್ದೂ ಕೇಳ್ಲಿಲ್ಲ. ಅದು ಎಚ್‌ಐವಿಯಿಂದ ನೇರವಾಗಿ ಬರೋದಲ್ಲ, ಎಚ್‌ಪಿವಿ ಅನ್ನೋ ಬೇರೆ ವೈರಸ್‌ನಿಂದ ಬರೋದು, ಸಾಮಾನ್ಯವಾಗಿ ದೇಹವೇ ಅದನ್ನ ಒಂದೆರಡು ವರ್ಷದಲ್ಲಿ ಹೊರಗೆ ಹಾಕುತ್ತೆ, ರೋಗನಿರೋಧಕ ಶಕ್ತಿ ಕುಂದಿದ್ರೆ ಅದು ಅಲ್ಲೇ ಕೂತು ವರ್ಷಗಟ್ಟಲೆ ಕೆಲಸ ಮಾಡುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರೋ ಹೆಂಗಸರಿಗೆ 25ನೇ ವಯಸ್ಸಿಂದಲೇ, 3ರಿಂದ 5 ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸಿ ಅನ್ನೋದು, ಉಳಿದವರಿಗೆ 30ರಿಂದ. ವಿನಿಗರ್ ಥರದ ಆಸಿಡ್ ಹಚ್ಚಿ ಒಂದು ನಿಮಿಷ ಬಿಟ್ಟು ಬೆಳ್ಳಗಾಗುತ್ತಾ ಅಂತ ನೋಡೋ ಪರೀಕ್ಷೆ ಕೂಡ ಇದೆ, ದುಬಾರಿ ಏನಲ್ಲ. ಜಯಮ್ಮಂಗೆ ಯಾರೂ ಒಂದು ಸಲಾನೂ ಮಾಡಿರ್ಲಿಲ್ಲ.

ನವೆಂಬರ್‌ನಲ್ಲಿ ಕಾಫಿ ಗಿಡದ ಬುಡದಲ್ಲೇ ತಲೆ ಸುತ್ತಿ ಬಿದ್ರು. ತೋಟದ ಲೆಕ್ಕ ನೋಡೋ ರೈಟರು ಜೀಪಲ್ಲಿ ಕರ್ಕೊಂಡು ಹೋದ್ರು, ಹಿಮೋಗ್ಲೋಬಿನ್ 6.8. ಅಲ್ಲಿಂದ ಮೈಸೂರು, ಬಯಾಪ್ಸಿ, ಸ್ಟೇಜ್ 2ಬಿ. ಅಂದ್ರೆ ಗರ್ಭಕೋಶದ ಬಾಯಿಂದ ಪಕ್ಕಕ್ಕೆ ಹರಡಿದೆ, ಆಪರೇಷನ್‌ಗೆ ಆಗಲ್ಲ, ಆದ್ರೆ ಕರೆಂಟ್ (ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನೋದು) ಮತ್ತೆ ಕೀಮೋದಿಂದ ವಾಸಿ ಮಾಡೋ ಪ್ರಯತ್ನ ಮಾಡ್ಬಹುದಾದ ಹಂತ.

ಲೈನ್‌ಗೆ ಸುದ್ದಿ ಬಂತು, ಜಯಮ್ಮಂಗೆ ಕ್ಯಾನ್ಸರಂತೆ. ಇಲ್ಲಿ ಒಂದು ವಿಚಿತ್ರ ಆಯ್ತು, ಜಯಮ್ಮಂಗೆ ಕ್ಯಾನ್ಸರ್ ಬಂದಿದ್ದು ಒಂಥರಾ ಸಮಾಧಾನ ತಂತು, ಇದು ಅವರೇ ಹೇಳಿದ್ದು. ಹತ್ತು ವರ್ಷದಿಂದ ಕಾಯಿಲೆ ಇಟ್ಕೊಂಡು ಯಾರ ಹತ್ರಾನೂ "ನಂಗೆ ಹುಷಾರಿಲ್ಲ" ಅಂತ ಹೇಳೋಕಾಗದೇ ಇದ್ದೋರಿಗೆ ಮೊದಲ ಸಲ ಬಾಯ್ಬಿಟ್ಟು ಹೇಳಬಹುದಾದ ಕಾಯಿಲೆ ಸಿಕ್ತು. ಗರ್ಭಕೋಶ ಅಂತ ಹೇಳ್ಲಿಲ್ಲ, ಹೊಟ್ಟೇಲಿ ಗಡ್ಡೆ ಅಂದ್ರು. ಸಂಘದ ಹೆಂಗಸರು ದುಡ್ಡು ಎತ್ತಿಕೊಟ್ರು. ಪಕ್ಕದ ಮನೆಯವರು ಅಕ್ಕಿ ಗಂಜಿ, ಆಚೆ ಮನೆಯವರು ನಾಟಿ ಕೋಳಿ ಸಾರು, ಸ್ಟೀಲ್ ಡಬ್ಬೀಲಿ ಹಾಕಿ ತಂದುಕೊಡೋರು. ಡಬ್ಬಿ ವಿಷಯ ಆಮೇಲೆ ಬರುತ್ತೆ.

ಕೊನೇ ನಂಬರ್

ಟ್ರೀಟ್‌ಮೆಂಟ್ 2024ರ ಜನವರಿಯಲ್ಲಿ ಶುರು. ವಾರಕ್ಕೆ 5 ದಿನದ ಹಾಗೆ 25 ಸಲ ಹೊರಗಿಂದ ಕರೆಂಟ್, ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ, ಅದಾದ್ಮೇಲೆ ಒಳಗಿಂದ ಕೊಡೋ ಕರೆಂಟ್. ಇದೆಲ್ಲಾ ಸೇರಿ 8 ವಾರದೊಳಗೆ ಮುಗೀಬೇಕು, ಮಧ್ಯೆ ಗ್ಯಾಪ್ ಬಿದ್ದಷ್ಟೂ ಗಡ್ಡೆ ಮತ್ತೆ ಬೆಳೆಯೋಕೆ ಸಮಯ ಸಿಗುತ್ತೆ.

ಫೈಲ್ ಮೇಲೆ ಕೆಂಪು ಮಾರ್ಕರ್‌ನಲ್ಲಿ ದೊಡ್ಡದಾಗಿ ಎಚ್‌ಐವಿ ಪಾಸಿಟಿವ್ ಅಂತ ಬರೆದಿದ್ರು. ಆ ಫೈಲ್ ಕೈಯಲ್ಲಿ ಹಿಡ್ಕೊಂಡೇ ಬೆಂಚ್ ಮೇಲೆ ಕೂರ್ಬೇಕು. ಮತ್ತೆ ಕರೆಂಟ್ ರೂಮಲ್ಲಿ ಇವರಿಗೆ ದಿನಾ ಕೊನೇ ನಂಬರ್. ಬೆಳಗ್ಗೆ 9ಕ್ಕೇ ಹೋಗಿ ಕೂತ್ರೂ 4 ಗಂಟೆಗೆ ಕರೀತಿದ್ರು. ಯಾಕೆ ಅಂದ್ರೆ "ನಿಮ್ಮದಾದ್ಮೇಲೆ ಮಷಿನ್ ಕ್ಲೀನ್ ಮಾಡ್ಬೇಕು." ಹೊರಗಿಂದ ಕೊಡೋ ಕರೆಂಟ್‌ನಲ್ಲಿ ಸೂಜಿ ಇಲ್ಲ, ರಕ್ತ ಇಲ್ಲ, ಮಷಿನ್ ಮೈ ಮುಟ್ಟೋದೂ ಇಲ್ಲ, ಒಂದು ಎಕ್ಸ್‌ರೇ ತೆಗೆಸ್ಕೊಂಡ ಹಾಗೆ ಮಲಗಿ ಎದ್ದು ಬರೋದು. ಕ್ಲೀನ್ ಮಾಡೋಕೆ ಏನಿದೆ ಅಲ್ಲಿ? ಇನ್ನು ಒಳಗಿಂದ ಕೊಡೋ ಕರೆಂಟ್‌ಗೆ ಬಳಸೋ ಸಾಮಾನನ್ನ ಯಾವ ಪೇಶೆಂಟ್ ಆದ್ರೂ ಒಂದೇ ಥರ ಸ್ಟೆರಿಲೈಜ್ ಮಾಡ್ಲೇಬೇಕು, ಟೆಸ್ಟ್ ಮಾಡಿಸದೇ ಇರೋ ಪಾಸಿಟಿವ್‌ಗಳೂ ಅದೇ ಕ್ಯೂನಲ್ಲಿ ಇರ್ತಾರಲ್ಲ.

ಈಗ ಇದನ್ನ ಕೊಡಗಿನ ನಕ್ಷೆ ಮೇಲೆ ಇಟ್ಟು ನೋಡಿ. ನಮ್ಮ ಜಿಲ್ಲೆಗೆ ರೈಲಿಲ್ಲ. ಮೈಸೂರಿಂದ ಗೋಣಿಕೊಪ್ಪಕ್ಕೆ ಸುಮಾರು 90 ಕಿಲೋಮೀಟರ್, ಹುಣಸೂರು ದಾಟಿ ಆನೆಚೌಕೂರು, ತಿತಿಮತಿ ಕಾಡಿನ ರಸ್ತೇಲಿ ಬರ್ಬೇಕು, ಸರ್ಕಾರಿ ಬಸ್ಸು, ಶಕ್ತಿ ಯೋಜನೆ ಬಂದಿದ್ರಿಂದ ಇವರಿಗೆ ಟಿಕೆಟ್ ಇಲ್ಲ, ಅದೊಂದು ಪುಣ್ಯ. 4 ಗಂಟೆಗೆ ಕರೆಂಟ್ ಮುಗಿಸಿ ಬಸ್ ಸ್ಟ್ಯಾಂಡ್‌ಗೆ ಬಂದು ಬಸ್ ಹತ್ತಿ ಊರಿಗೆ ಬರೋವಷ್ಟ್ರಲ್ಲಿ ಎಂಟು ಗಂಟೆ ಮೇಲಾಗುತ್ತೆ. ಬಸ್ ಇಳಿದ ಮೇಲೆ ಲೈನ್‌ಗೆ ಇನ್ನೂ ಮೂರು ಕಿಲೋಮೀಟರ್, ಕತ್ತಲಾದ್ಮೇಲೆ ಆ ದಾರೀಲಿ ಆನೆ, ಯಾವ ಆಟೋದವರೂ ಬರಲ್ಲ, ಬರಬಾರ್ದು ಕೂಡ. ಅಂದ್ರೆ ಒಬ್ರು ಟೆಕ್ನಿಷಿಯನ್ ಲಿಸ್ಟ್‌ನಲ್ಲಿ ಹೆಸರು ಕೆಳಗೆ ಬರೆದಿದ್ದಕ್ಕೆ ಇಲ್ಲೊಬ್ಬ ಹೆಂಗಸು ಆನೆ ದಾರೀಲಿ ನಡೀಬೇಕು.

ಹಾಗಿದ್ರೆ ಮೈಸೂರಲ್ಲೇ ಉಳ್ಕೊಳ್ಳಿ ಅಂತ ಎಲ್ರೂ ಹೇಳಿದ್ರು, ನಾನೂ ಹೇಳ್ದೆ. ಪೇಶೆಂಟ್‌ಗಳಿಗೆ ಅಂತ ಇರೋ ಒಂದು ಛತ್ರದಲ್ಲಿ ಜಾಗ ಸಿಕ್ತು, ಒಂದೇ ಹಾಲ್, ಇಪ್ಪತ್ತು ಜನ ಹೆಂಗಸರು ಸಾಲಾಗಿ ಮಲಗೋದು. ರಾತ್ರಿ 9ಕ್ಕೆ ಮಾತ್ರೆ ತಗೋಬೇಕು, ಎಲ್ರ ಎದುರು ಹತ್ತಿ ತೆಗೆದು ಡಬ್ಬಿ ಬಿಚ್ಚೋಕಾಗುತ್ತಾ? ಬಾತ್‌ರೂಮಿಗೆ ಹೋಗಿ ನಲ್ಲಿ ನೀರಲ್ಲಿ ನುಂಗ್ತಿದ್ರು, ಕ್ಯೂ ಇದ್ದ ದಿನ ನುಂಗ್ತಾನೇ ಇರ್ಲಿಲ್ಲ. ಎರಡನೇ ವಾರ ಛತ್ರ ಬಿಟ್ಟು ಮತ್ತೆ ಬಸ್ಸಲ್ಲಿ ಓಡಾಡೋಕೆ ಶುರು ಮಾಡಿದ್ರು, ಆಗದ ದಿನ ಹೋಗಲಿಲ್ಲ. ಒಟ್ಟು 6 ದಿನ ಕರೆಂಟ್ ತಪ್ಪಿತು. ಕೇಸ್ ಶೀಟ್‌ನಲ್ಲಿ ಇದಕ್ಕೆ ಬರೆದಿರೋದು "ಪೇಶೆಂಟ್ ಸರಿಯಾಗಿ ಬರುತ್ತಿಲ್ಲ" ಅಂತ.

ಇನ್ನೊಂದು, ಇದು ನಿಜವಾಗ್ಲೂ ಅಪಾಯ ಇದ್ದಿದ್ದು. ಇವರ ಎಆರ್‌ಟಿ ಮಾತ್ರೇಲಿ, ಅಂದ್ರೆ ಎಚ್‌ಐವಿಗೆ ದಿನಾ ತಗೊಳ್ಳೋ ಮಾತ್ರೇಲಿ, ಟೆನೊಫೊವಿರ್ ಅನ್ನೋ ಔಷಧಿ ಇತ್ತು, ಅದು ಕೆಲವರಿಗೆ ಕಿಡ್ನಿ ಮೇಲೆ ಪರಿಣಾಮ ಮಾಡುತ್ತೆ. ಸಿಸ್‌ಪ್ಲಾಟಿನ್ ಕೂಡ ಕಿಡ್ನಿಗೇ ಹೊಡೆತ. ಎರಡೂ ಒಟ್ಟಿಗೆ ಹೋಗ್ತಿದ್ರೆ ಗಮನ ಇಡ್ಬೇಕು, ಬೇಕಾದ್ರೆ ಮಾತ್ರೆ ಬದಲಾಯಿಸ್ಬೇಕು. ಫೈಲ್ ಮೇಲೆ ಎಚ್‌ಐವಿ ಅಂತ ಅಷ್ಟು ದೊಡ್ಡದಾಗಿ ಬರೆದವರು ಯಾವ ಮಾತ್ರೆ ತಗೋತಿದೀರಿ ಅಂತ ಒಂದು ಮಾತು ಕೇಳಿರ್ಲಿಲ್ಲ, ಇವರೋ ಎಆರ್‌ಟಿ ಪುಸ್ತಕಾನ ಮನೇಲಿ ಅಕ್ಕಿ ಡ್ರಮ್ಮಲ್ಲಿ ಬಿಟ್ಟು ಹೋಗ್ತಿದ್ರು. ಮೂರನೇ ಕೀಮೋ ಆದ್ಮೇಲೆ ಕಿಡ್ನಿಗೆ ತೊಂದ್ರೆ ಆಗಿರೋದನ್ನ ತೋರಿಸೋ ಕ್ರಿಯಾಟಿನಿನ್ ಏರಿತು, ಕೀಮೋ ನಿಲ್ಸಿದ್ರು, ಆಮೇಲೆ ನಾವು ಎರಡೂ ಕಡೆ ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿಸಿ ಟೆನೊಫೊವಿರ್ ತೆಗೆದು ಅಬಕಾವಿರ್‌ಗೆ ಬದಲಾಯಿಸಿದ್ರು. ಕಳಂಕದ ಗುರುತಿಗೆ ಕೆಂಪು ಇಂಕು ಇತ್ತು, ಟ್ರೀಟ್‌ಮೆಂಟ್‌ಗೆ ಬೇಕಾದ ಒಂದು ಸಾಲು ಬರೆಯೋಕೆ ಯಾರ ಹತ್ರಾನೂ ಪೆನ್ ಇರ್ಲಿಲ್ಲ.

ಮಗ

ಮಗನಿಗೆ 19, ಪಿಕಪ್ ಓಡಿಸ್ತಾನೆ. ಅವನಿಗೆ ಗೊತ್ತಿದ್ದಿದ್ದು ಕ್ಯಾನ್ಸರ್ ಒಂದೇ. ಅಮ್ಮನಿಗೆ ಸುಸ್ತು ಜಾಸ್ತಿ ಅಂತ ಒಂದಿನ ರಜೆ ಹಾಕಿ ಜೊತೆಗೆ ಹೋದ, ಫೈಲ್ ಅವನ ಕೈಗೆ ಕೊಟ್ರು. ಅಷ್ಟೇ. ಹೇಗೆ ಹೇಳೋದು, ಯಾವಾಗ ಹೇಳೋದು, ಯಾರು ಜೊತೆಗಿರ್ಬೇಕು ಅಂತ ನಾನೂ ಜಯಮ್ಮನೂ ಎರಡು ವರ್ಷದಿಂದ ಮಾತಾಡ್ಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದು ಒಂದು ಮಾರ್ಕರ್ ಪೆನ್‌ನಿಂದ ಮುಗೀತು.

ಬಸ್ಸಲ್ಲಿ ಅವನು ಮಾತೇ ಆಡ್ಲಿಲ್ಲವಂತೆ. ಹುಣಸೂರಲ್ಲಿ ಬಸ್ ನಿಂತಾಗ ಇಳಿದು ಎರಡು ಟೀ ತಂದ. ಕೀಮೋ ಆದ್ಮೇಲೆ ಇವರಿಗೆ ಟೀ ವಾಸನೆ ಸೇರ್ತಿರ್ಲಿಲ್ಲ, ಎರಡು ಗುಟುಕು ಕುಡಿದು ಕೈಯಲ್ಲಿ ಹಿಡ್ಕೊಂಡಿದ್ರು. ಅವನು ಆ ಕಪ್ ಇಸ್ಕೊಂಡು ಉಳಿದಿದ್ದನ್ನ ತಾನು ಕುಡಿದ. ಇವರು "ಬೇಡ ಕಣೋ" ಅನ್ನೋವಷ್ಟ್ರಲ್ಲಿ ಖಾಲಿ. ಈ ಟೀ ವಿಷಯ ಜಯಮ್ಮ ನಂಗೆ ನಾಲ್ಕು ಸಲ ಹೇಳಿದಾರೆ, ಪ್ರತಿ ಸಲ ಮೊದಲ್ನೇ ಸಲ ಹೇಳ್ತಿರೋ ಥರ.

ಮನೆಗೆ ಬಂದು ಅವನು ಕೇಳಿದ್ದು ಒಂದೇ, "ನಂಗೂ ಇದ್ಯಾ?" ಟೆಸ್ಟ್ ಮಾಡಿಸಿದ್ವಿ, ನೆಗೆಟಿವ್. ಅವತ್ತು ರಾತ್ರಿ ಗೀಚಿದ ಲೋಟ ತಗೊಂಡು ಹೋಗಿ ಎಸೆದನಂತೆ. ಜಯಮ್ಮ ಬೆಳಗ್ಗೆ ಎದ್ದು ಹುಡುಕಿ ವಾಪಸ್ ತಂದ್ರು, ಒಳ್ಳೇ ಲೋಟ ಯಾಕೆ ಹಾಳು ಮಾಡ್ಬೇಕು ಅಂತ.

ಡಬ್ಬಿಗಳು

ಫೆಬ್ರವರಿಯಲ್ಲಿ ಲೈನ್‌ಗೆ ಗೊತ್ತಾಯ್ತು. ನಮ್ಮ ತಾಲೂಕಿನವರೇ ಒಬ್ರು ಅದೇ ಆಸ್ಪತ್ರೆ ಬೆಂಚ್ ಮೇಲೆ ಕೂತಿದ್ರು ಅನ್ನೋದು ಒಂದು. ಇನ್ನೊಂದನ್ನ ನಾನೇ ಒಪ್ಕೋಬೇಕು, ಅದೇ ವಾರ ನಾನು ಅವರ ಮನೆಗೆ ಹೋಗಿದ್ದೆ, ಹೆಗಲಲ್ಲಿ ನಮ್ಮ ಇಲಾಖೆಯ ಕೆಂಪು ರಿಬ್ಬನ್ ಗುರುತಿನ ಬ್ಯಾಗ್. ಅಷ್ಟು ವರ್ಷದ ಅನುಭವ ಇಟ್ಕೊಂಡು ಆ ಬ್ಯಾಗ್ ನೇತಾಕ್ಕೊಂಡು ಎಂಟು ಮನೆ ಮುಂದೆ ನಡ್ಕೊಂಡು ಹೋದೆ. ಕಳಂಕದ ಬಗ್ಗೆ ನಾನು ಬೇರೆಯವರಿಗೆ ಪಾಠ ಮಾಡೋಳು.

ಯಾರೂ ಏನೂ ಅನ್ಲಿಲ್ಲ. ಊಟ ಕೂಡ ನಿಲ್ಸಲಿಲ್ಲ, ಗಂಜಿ ಬರ್ತಾನೇ ಇತ್ತು. ಆದ್ರೆ ತೊಳೆದ ಡಬ್ಬಿ ವಾಪಸ್ ಕೊಡೋಕೆ ಹೋದ್ರೆ "ಇರ್ಲಿ ಬಿಡಕ್ಕ, ನೀನೇ ಇಟ್ಕೋ, ನಮ್ಮನೇಲಿ ಬೇರೆ ಇದೆ." ಒಬ್ಬೊಬ್ಬರಾಗಿ ಮೂರು ಮನೆಯವರು. ಹೊಸ ಸ್ಟೀಲ್ ಡಬ್ಬೀನ ಯಾರಾದ್ರೂ ಸುಮ್ನೆ ಬಿಟ್ಟುಕೊಡ್ತಾರಾ, ತೋಟದ ಕೂಲೀಲಿ ತಗೊಂಡಿರೋ ಡಬ್ಬಿ? ಮೂರೂ ಡಬ್ಬಿ ಗೂಡಲ್ಲಿ ಸಾಲಾಗಿ ಕೂತಿದ್ವು. ಬೈದಿದ್ರೆ ಜಗಳ ಆಡಬಹುದಿತ್ತು, ಡಬ್ಬಿ ಇಟ್ಕೋ ಅಂದೋರ ಹತ್ರ ಏನಂತ ಜಗಳ ಆಡೋದು ಅಂತ ಕೇಳಿದ್ರು ಜಯಮ್ಮ.

ಆ ತಿಂಗಳು ಪಿಎಚ್‌ಕ್ಯೂ-9, ಅಂದ್ರೆ ಖಿನ್ನತೆ ಅಳೆಯೋ ಒಂಬತ್ತು ಪ್ರಶ್ನೆ, ಮಾಡಿದಾಗ 27ಕ್ಕೆ 17. ಖಿನ್ನತೆ ಸಣ್ಣದಲ್ಲ ಅಂತ ಅರ್ಥ. ನಿದ್ದೆ ಇಲ್ಲ, ಊಟ ಸೇರಲ್ಲ, ಇವೆರಡು ಕೀಮೋದಿಂದಲೂ ಆಗುತ್ತೆ, ಆದ್ರೆ ಕೊನೇ ಪ್ರಶ್ನೆಗೆ, ಸತ್ತು ಹೋಗಿದ್ರೆ ಚೆನ್ನಾಗಿತ್ತು ಅನ್ಸುತ್ತಾ ಅನ್ನೋದಕ್ಕೆ, "ಕೆಲವು ದಿನ" ಅಂದ್ರು. ಅದೇ ಹೊತ್ತಿಗೆ ಸಿಡಿ4 480ರಿಂದ 190ಕ್ಕೆ ಬಿದ್ದಿತ್ತು. ಕರೆಂಟ್ ಕೀಮೋ ತಗೊಂಡಾಗ ಬಿಳಿ ರಕ್ತಕಣ ಕಮ್ಮಿಯಾಗಿ ಸಿಡಿ4 ಇಳಿಯೋದು ಗೊತ್ತಿರೋ ವಿಷಯ, ವೈರಲ್ ಲೋಡ್ ಇನ್ನೂ ಸಿಗದಷ್ಟು ಕಮ್ಮಿನೇ ಇತ್ತು, ಸೋಂಕು ತಡೆಯೋಕೆ ಸೆಪ್ಟ್ರಾನ್ ಶುರು ಮಾಡಿದ್ರು. ಆದ್ರೆ ಇದನ್ನ ಯಾರೂ ಕೂರಿಸಿ ಹೇಳಿರ್ಲಿಲ್ಲ. ನಂಬರ್ ನೋಡಿ ಇವರು ಏಡ್ಸ್ ಆಗೋಯ್ತು, ಮುಗೀತು ಅಂದ್ಕೊಂಡು ಹದಿನೈದು ದಿನ ಒಳಗೊಳಗೇ ಸುಟ್ಕೊಂಡಿದ್ರು.

ಮಾಡಿದ್ದು

ಅವತ್ತೇ ಅವರ ಒಪ್ಪಿಗೆ ಮೇಲೆ ಮಗನಿಗೆ ಹೇಳಿ, ಒಬ್ರೇ ಇರದ ಹಾಗೆ ನೋಡ್ಕೊಂಡು, ಮಾರನೇ ದಿನ ಮನೋವೈದ್ಯರ ಹತ್ರ ಕರ್ಕೊಂಡು ಹೋದ್ವಿ. ಮಾತ್ರೆ ಕೊಟ್ರು. ಮನಸ್ಸಿನ ತೊಂದ್ರೆಗೆ ಇರೋ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನ ಮಗನ ಫೋನಲ್ಲಿ ಹಾಕಿಕೊಟ್ಟೆ, ರಾತ್ರಿ ಎರಡು ಸಲ ಅವನೇ ಮಾಡಿದ್ದ, ಅಮ್ಮನಿಗಾಗಿ ಅಲ್ಲ, ತನಗಾಗಿ. ಅದು ನಂಗೆ ತಡವಾಗಿ ಗೊತ್ತಾಯ್ತು.

ಆಸ್ಪತ್ರೆ ವಿಷಯದಲ್ಲಿ ನಂಗೆ ದೂರು ಕೊಡ್ಬೇಕು ಅನ್ನೋ ಸಿಟ್ಟಿತ್ತು. ಎಚ್‌ಐವಿ ಏಡ್ಸ್ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ, ಅದರ ಪ್ರಕಾರ ಚಿಕಿತ್ಸೇಲಿ ಭೇದ ಮಾಡೋ ಹಾಗಿಲ್ಲ, ಒಪ್ಪಿಗೆ ಇಲ್ದೆ ಬೇರೆಯವರಿಗೆ ಗೊತ್ತಾಗೋ ಹಾಗೆ ಮಾಡೋ ಹಾಗಿಲ್ಲ, ಕೋರ್ಟಿಗೆ ಹೋದ್ರೂ ಹೆಸರು ಮುಚ್ಚಿಡೋ ಅವಕಾಶ ಇದೆ. ಎಲ್ಲಾ ವಿವರಿಸಿದೆ. ಜಯಮ್ಮ ಕೇಳಿ "ದೂರು ಕೊಟ್ರೆ ನಾಳೆ ಕರೆಂಟ್ ಕೊಡೋದು ಅವರೇ ಅಲ್ವಾ ಮೇಡಂ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಕೊನೆಗೆ ಅಲ್ಲಿಯ ಹಿರಿಯ ನರ್ಸ್ ಒಬ್ಬರ ಹತ್ರ ಹೋಗಿ ಕಾಯ್ದೆ ಎತ್ತದೇ ಬರೀ ಬಸ್ಸಿನ ಟೈಮ್ ಹೇಳ್ದೆ, ಆನೆ ವಿಷಯ ಹೇಳ್ದೆ. ಆಕೆ ಹತ್ತು ನಿಮಿಷದಲ್ಲಿ ಹನ್ನೊಂದು ಗಂಟೆ ಸ್ಲಾಟ್ ಮಾಡಿಸಿಕೊಟ್ರು, ಫೈಲ್‌ಗೆ ಹೊಸ ಕವರ್ ಹಾಕಿಸಿದ್ರು, ಮಾಹಿತಿ ಒಳಗಿನ ಪುಟಕ್ಕೆ ಹೋಯ್ತು. ಹತ್ತು ನಿಮಿಷ! ಇಷ್ಟು ಸುಲಭದಲ್ಲಿ ಆಗೋ ಕೆಲಸಕ್ಕೆ ಅಷ್ಟು ದಿನ ಹೋಗಿದ್ದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಸ್ಲಾಟ್ ಬದಲಾದ ಮೇಲೆ ಒಂದು ದಿನಾನೂ ತಪ್ಪಲಿಲ್ಲ. ಆದ್ರೂ ಒಟ್ಟು ಚಿಕಿತ್ಸೆ 9 ವಾರದ ಹತ್ರ ಹೋಯ್ತು, ಐದು ಕೀಮೋ ಆಗ್ಬೇಕಿದ್ದಲ್ಲಿ ಮೂರೇ ಆಯ್ತು.

ಬಿಟ್ಟುಹೋಗಿದ್ದು ಇನ್ನೊಂದಿದೆ. ಕರೆಂಟ್ ಆದ್ಮೇಲೆ ಯೋನಿ ಕುಗ್ಗಿ ಅಂಟ್ಕೊಳ್ದೇ ಇರೋಕೆ ಡೈಲೇಟರ್, ಅಂದ್ರೆ ಒಳಗೆ ಹಾಕಿ ಹಿಗ್ಗಿಸೋ ಕೊಳವೆ ಥರದ ಸಾಧನ, ಬಳಸೋದು ಹೇಳಿಕೊಡ್ಬೇಕು, ಇಲ್ಲಾಂದ್ರೆ ಮುಂದೆ ಚೆಕಪ್ ಮಾಡೋದೇ ಕಷ್ಟ ಆಗುತ್ತೆ. ಇವರಿಗೆ ಹೇಳಿರ್ಲಿಲ್ಲ. ಕೇಳಿದ್ರೆ "ಗಂಡ ಇಲ್ವಲ್ಲ, ಅದಕ್ಕೆ." ಗಂಡ ಸತ್ತೋಳಿಗೆ ಆ ಜಾಗದಲ್ಲಿ ಏನು ತೊಂದ್ರೆ ಅನ್ನೋ ಥರ ಕೇಳಿದ್ರು ಅಂತ ಮೊದ್ಲು ಹೇಳಿದ್ನಲ್ಲ, ಆ ನರ್ಸ್ ಇವರೇ. ನಾನೇ ಚಿತ್ರ ಬರೆದು ತೋರಿಸ್ದೆ, ಇಬ್ರೂ ನಾಚ್ಕೊಂಡು ನಕ್ಕಿದ್ದಾಯ್ತು.

ಲೈನ್‌ನಲ್ಲಿ ನಾನು ಮೀಟಿಂಗ್ ಮಾಡಲ್ಲ ಅಂತ ನಿರ್ಧಾರ ಮಾಡ್ದೆ. ಆ ಲೈನ್ ಒಂದಕ್ಕೇ ಹೋಗಿ ಎಚ್‌ಐವಿ ಬಗ್ಗೆ ಮಾತಾಡಿದ್ರೆ ಬೆರಳು ತೋರಿಸಿದ ಹಾಗಾಗುತ್ತೆ. ಅದರ ಬದಲು ಆ ಕಡೆಯ ನಾಲ್ಕು ತೋಟದಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಗರ್ಭಕೋಶದ ಬಾಯಿ ಪರೀಕ್ಷೆಯ ಕ್ಯಾಂಪ್ ಮಾಡಿದ್ವಿ, ಎಲ್ಲಾ ಹೆಂಗಸರಿಗೂ. ಪಕ್ಕದ ಮನೆಯವರೂ ಬಂದ್ರು, ಕ್ಯೂನಲ್ಲಿ ನಿಂತಾಗ "ಜಯಕ್ಕಂಗೆ ಆಗಿದ್ದು ಇದೇನಾ" ಅಂತ ಮೆತ್ತಗೆ ಕೇಳಿದ್ರು. ನಾನು ಹೌದು ಅಂತಲೂ ಅನ್ಲಿಲ್ಲ ಇಲ್ಲ ಅಂತಲೂ ಅನ್ಲಿಲ್ಲ. ಎಆರ್‌ಟಿಗೆ ಬರೋ ಹೆಂಗಸರಿಗೆ ಈಗ ಐದನೇ ಪ್ರಶ್ನೆ ಕೇಳ್ತೀನಿ. ಆ ಬ್ಯಾಗ್ ಆಫೀಸಲ್ಲೇ ಇರುತ್ತೆ, ಫೀಲ್ಡಿಗೆ ತರಕಾರಿ ಚೀಲ.

ಈಗ

ಈವರೆಗಿನ ಚೆಕಪ್‌ಗಳಲ್ಲಿ ಗಡ್ಡೆ ಮತ್ತೆ ಕಂಡಿಲ್ಲ. ಸಿಡಿ4 ನಿಧಾನಕ್ಕೆ 310ಕ್ಕೆ ಬಂದಿದೆ, ಪಿಎಚ್‌ಕ್ಯೂ 8. ಕಾಫಿ ಕೊಯ್ಲಿಗೆ ಹೋಗೋಕಾಗಲ್ಲ, ಕಣದಲ್ಲಿ ಕೂತು ಕಾಫಿ ಆರಿಸೋ ಕೆಲಸ ರೈಟರು ಕೊಟ್ಟಿದಾರೆ, ಯಾಕೆ ಏನು ಅಂತ ಕೇಳಿಲ್ಲ, ಅವರಿಗೆ ಗೊತ್ತಿದೆ ಅಂತ ಜಯಮ್ಮಂಗೂ ಗೊತ್ತಿದೆ. ಡಬ್ಬಿಯ ಹತ್ತಿ ಇನ್ನೂ ತೆಗೆದಿಲ್ಲ.

2024ರ ಹುತ್ತರಿ ಹಬ್ಬಕ್ಕೆ ಒಂದು ವಾರ ಇರುವಾಗ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು "ಅಕ್ಕ, ನನ್ನ ಡಬ್ಬಿ ಕೊಡು, ಸೆಟ್ಟಲ್ಲಿ ಒಂದು ಕಮ್ಮಿ ಇದೆ" ಅಂತ ಇಸ್ಕೊಂಡು ಹೋದ್ರಂತೆ. ಇನ್ನೆರಡು ಡಬ್ಬಿ ಗೂಡಲ್ಲೇ ಇದಾವೆ, ಹೋದ ಸಲ ನೋಡಿದಾಗ ಒಂದ್ರಲ್ಲಿ ಸಾಸಿವೆ, ಇನ್ನೊಂದು ಖಾಲಿ.